‘ಹೌ ಬ್ಯೂಟಿಫುಲ್ ಈಸ್ ದಿಸ್ ಫ್ಲವರ್!’ ಅಂತ ಬರೆದರೆ ಯಾಕೆ ತಪ್ಪು?

ತಿಪಟೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು. ಮೊನ್ನೆ ಇಂಗ್ಲಿಷ್ ಟೆಸ್ಟಿನಲ್ಲಿ ವಾಕ್ಯ ಬದಲಿಸುವ ಪ್ರಶ್ನೆ ಬಂದಿತ್ತು. ‘ದಿಸ್ ಫ್ಲವರ್ ಈಸ್ ವೆರಿ ಬ್ಯೂಟಿಫುಲ್’ ಅನ್ನುವುದನ್ನು ಎಕ್ಸ್‌ಕ್ಲಮೇಟರಿ, ಅಂದರೆ ಆಶ್ಚರ್ಯದ ವಾಕ್ಯ ಮಾಡಬೇಕಿತ್ತು. ಅವಳು ‘ಹೌ ಬ್ಯೂಟಿಫುಲ್ ಈಸ್ ದಿಸ್ ಫ್ಲವರ್!’ ಅಂತ ಬರೆದಿದ್ದಾಳೆ. ಕೆಂಪು ಇಂಕಿನಲ್ಲಿ ಅಡ್ಡಗೆರೆ, ಸೊನ್ನೆ ಮಾರ್ಕ್ಸು. ಪಕ್ಕದಲ್ಲಿ ಸರಿ ಉತ್ತರ ಯಾವುದು ಅಂತಲೂ ಬರೆದಿಲ್ಲ.

ಸಂಜೆ ಪೇಪರ್ ಹಿಡಿದುಕೊಂಡು ಬಂದು, ‘ಅಮ್ಮಾ, ಇದರಲ್ಲಿ ಏನು ತಪ್ಪು?’ ಅಂತ ಕೇಳಿದಳು. ನಾನು ಐದನೇ ಕ್ಲಾಸಿನಲ್ಲಿ ಎಬಿಸಿಡಿ ಕಲಿತವಳು. ಎರಡು ಮೂರು ಸಲ ಜೋರಾಗಿ ಓದಿ ನೋಡಿದೆ. ನನ್ನ ಕಿವಿಗೆ ಸರಿಯಾಗಿಯೇ ಕೇಳಿಸಿತು. ‘ಈ ಹೂವು ಎಷ್ಟು ಚೆನ್ನಾಗಿದೆ’ ಅನ್ನುವುದಕ್ಕೆ ಬೇಕಾದ ಮಾತೆಲ್ಲ ಇದೆ, ಕೊನೆಗೆ ಆಶ್ಚರ್ಯದ ಚಿಹ್ನೆಯೂ ಇದೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ. ಬರೀ ‘ರೂಲು ಹಾಗಿದೆ’ ಅಂದರೆ ಅವಳು ಒಪ್ಪುವುದಿಲ್ಲ, ಯಾಕೆ ಅಂತ ಕೇಳುತ್ತಾಳೆ.

ಪಿಯು ಹುಡುಗ, ಹಾಸನ

ಅಕ್ಕಾ, ‘ಈಸ್’ ಕೊನೆಗೆ ಬರಬೇಕು. ‘ಹೌ ಬ್ಯೂಟಿಫುಲ್ ದಿಸ್ ಫ್ಲವರ್ ಈಸ್!’ ಇದು ಸರಿ.

ತಿಪಟೂರಿನ ಅಮ್ಮ

ಥ್ಯಾಂಕ್ಸ್ ತಮ್ಮಾ. ಆದರೆ ಯಾಕೆ ಕೊನೆಗೆ? ‘ಹೌ ಓಲ್ಡ್ ಆರ್ ಯು’ ಅನ್ನುವಾಗ ‘ಆರ್’ ಮಧ್ಯದಲ್ಲಿ ಬರುತ್ತದೆ ಅಲ್ವಾ? ಮಗಳು ಅದನ್ನೇ ನೋಡಿಕೊಂಡು ಬರೆದಿದ್ದಾಳಂತೆ.

ಸಾಗರದ ಮೇಷ್ಟ್ರು

ನಿಮ್ಮ ಮಗಳು ತಪ್ಪಿನ ಬೇರನ್ನೇ ಹಿಡಿದುಕೊಟ್ಟಿದ್ದಾಳೆ ಅಮ್ಮಾ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವನು. ಕನ್ನಡದ ಮಕ್ಕಳು ಎಲ್ಲರೂ ಇದೇ ಜಾಗದಲ್ಲಿ ಎಡವುತ್ತಾರೆ. ಅದಕ್ಕೆ ಕಾರಣ ಮಕ್ಕಳ ದಡ್ಡತನ ಅಲ್ಲ, ಕನ್ನಡಕ್ಕೂ ಇಂಗ್ಲಿಷಿಗೂ ಇರುವ ಒಂದು ವ್ಯತ್ಯಾಸ.

ಕನ್ನಡದಲ್ಲಿ ‘ಅವಳು ಎಷ್ಟು ಎತ್ತರ ಇದ್ದಾಳೆ’ ಅನ್ನಿ. ಇದು ಪ್ರಶ್ನೆಯೋ, ಆಶ್ಚರ್ಯವೋ? ಹಾಳೆಯ ಮೇಲೆ ಚಿಹ್ನೆ ಇಲ್ಲದಿದ್ದರೆ ಹೇಳಲು ಆಗುವುದಿಲ್ಲ. ಪದಗಳು ಅವೇ, ಅವುಗಳ ಸಾಲೂ ಅದೇ. ನಾವು ಬರೀ ದನಿಯಲ್ಲಿ ವ್ಯತ್ಯಾಸ ಮಾಡುತ್ತೇವೆ. ‘ಎಷ್ಟೂ’ ಅಂತ ಎಳೆದರೆ ಆಶ್ಚರ್ಯ.

ಇಂಗ್ಲಿಷಿನವರು ಆ ಕೆಲಸವನ್ನು ಪದಗಳ ಸಾಲಿಗೇ ಕೊಟ್ಟಿದ್ದಾರೆ. ‘ಹೌ ಟಾಲ್ ಈಸ್ ಶಿ?’ ಅಂದರೆ ಪ್ರಶ್ನೆ. ಉತ್ತರ ಐದೂವರೆ ಅಡಿ ಅಂತ ಬರಬೇಕು. ‘ಹೌ ಟಾಲ್ ಶಿ ಈಸ್!’ ಅಂದರೆ ಆಶ್ಚರ್ಯ. ಉತ್ತರ ಬೇಕಾಗಿಲ್ಲ. ಶುರುವಿನ ಪದ ಎರಡರಲ್ಲೂ ಒಂದೇ ಆದ್ದರಿಂದ ಮಕ್ಕಳಿಗೆ ಮೋಸವಾಗುತ್ತದೆ. ಅವರು ಮೊದಲು ಕಲಿಯುವುದೇ ‘ಹೌ ಓಲ್ಡ್ ಆರ್ ಯು’, ‘ವಾಟ್ ಈಸ್ ಯುವರ್ ನೇಮ್’. ‘ಹೌ’ ಕಂಡ ಕೂಡಲೇ ಕೈ ತಾನಾಗಿಯೇ ಪ್ರಶ್ನೆಯ ಸಾಲಿಗೆ ಹೋಗಿಬಿಡುತ್ತದೆ.

ನಾನು ಕ್ಲಾಸಿನಲ್ಲಿ ಮಾಡುತ್ತಿದ್ದುದನ್ನು ಹೇಳುತ್ತೇನೆ, ಮನೆಯಲ್ಲಿ ಮಾಡಿ ನೋಡಿ. ಹಳೆಯ ನೋಟ್‌ಬುಕ್ಕಿನ ಹಾಳೆಯನ್ನು ಉದ್ದುದ್ದ ಪಟ್ಟಿಯಾಗಿ ಹರಿಯಿರಿ. ಒಂದು ಪಟ್ಟಿಯ ಮೇಲೆ ‘ದಿಸ್ ಫ್ಲವರ್ ಈಸ್ ವೆರಿ ಬ್ಯೂಟಿಫುಲ್’ ಅಂತ ದೊಡ್ಡದಾಗಿ ಬರೆಯಿರಿ. ಈಗ ‘ವೆರಿ’ ಶುರುವಾಗುವುದಕ್ಕೆ ಮೊದಲೇ ಹರಿಯಿರಿ. ಕೈಯಲ್ಲಿ ಎರಡು ಚೂರು ಇರುತ್ತವೆ. ಒಂದರಲ್ಲಿ ‘ದಿಸ್ ಫ್ಲವರ್ ಈಸ್’, ಇನ್ನೊಂದರಲ್ಲಿ ‘ವೆರಿ ಬ್ಯೂಟಿಫುಲ್’. ಎರಡನೆಯದರಲ್ಲಿ ‘ವೆರಿ’ ಹೊಡೆದು ಅದರ ಮೇಲೆ ‘ಹೌ’ ಬರೆಯಿರಿ. ಆ ಚೂರನ್ನು ತಂದು ಮುಂದೆ ಇಡಿ. ಆಯಿತು. ‘ಹೌ ಬ್ಯೂಟಿಫುಲ್ ದಿಸ್ ಫ್ಲವರ್ ಈಸ್!’

ಮುಖ್ಯವಾದ ಮಾತು ಒಂದೇ. ಉಳಿದ ಚೂರನ್ನು ಮುಟ್ಟಬಾರದು. ‘ದಿಸ್ ಫ್ಲವರ್ ಈಸ್’ ಹೇಗಿತ್ತೋ ಹಾಗೇ ಇರಬೇಕು. ‘ಈಸ್’ ಕೊನೆಗೆ ಹೋಯಿತು ಅಂತ ನಮಗೆ ಅನ್ನಿಸುತ್ತದೆ. ಅದು ಎಲ್ಲಿಗೂ ಹೋಗಿಲ್ಲ. ಅದರ ನಂತರ ಇದ್ದದ್ದು ಎದ್ದು ಹೋಯಿತು, ಅಷ್ಟೇ.

ಕುಡ್ಲದವ

ಮೇಷ್ಟ್ರೇ, ಪಟ್ಟಿ ಹರಿಯುವ ಉಪಾಯ ಭಾರೀ ಲಾಯ್ಕ ಉಂಟು. ನಮಗೆ ನಮ್ಮ ಟೀಚರ್ ಬೇರೆ ಒಂದು ಹೇಳಿದ್ದರು. ವಾಕ್ಯದ ಮುಂದೆ ಮನಸ್ಸಿನಲ್ಲೇ ‘ಸೀ’ ಸೇರಿಸಬೇಕು. ‘ಸೀ ಹೌ ಟಾಲ್ ಶಿ ಈಸ್’. ಆಮೇಲೆ ‘ಸೀ’ ಬಿಡಬೇಕು. ‘ಲುಕ್ ವಾಟ್ ಎ ಮೆಸ್ ಯು ಹ್ಯಾವ್ ಮೇಡ್’ ಅನ್ನುವುದರಲ್ಲಿ ‘ಲುಕ್’ ತೆಗೆದರೆ ಸರಿಯಾದ ಎಕ್ಸ್‌ಕ್ಲಮೇಟರಿ ಸಿಗುತ್ತದೆ. ಕನ್ನಡದಲ್ಲೂ ‘ನೋಡು, ಎಷ್ಟು ಚೆಂದ ಉಂಟು’ ಅನ್ನುತ್ತೇವಲ್ಲ, ಹಾಗೆ.

ಇನ್ನೊಂದು ವಿಷಯ. ಗೈಡಿನಲ್ಲಿ ‘ಎಂಥ ಅಂದರೆ ವಾಟ್, ಎಷ್ಟು ಅಂದರೆ ಹೌ’ ಅಂತ ಕೊಟ್ಟಿರುತ್ತಾರೆ. ನಮ್ಮ ಕಡೆಯ ಮಕ್ಕಳಿಗೆ ಅದು ಸರಿ ಕೂರುವುದಿಲ್ಲ. ನಮಗೆ ‘ಎಂತ’ ಅಂದರೆ ‘ಏನು’. ‘ಎಂತ ಮಾಡ್ತಿದ್ದೀರಿ’ ಅಂತ ದಿನಾ ಕೇಳುವ ಮಾತು. ‘ಎಂತ ಸೆಕೆ ಮಾರಾಯ್ರೆ!’ ಅಂತಲೂ ಹೇಳುತ್ತೇವೆ. ಇದನ್ನು ಇಂಗ್ಲಿಷಿನಲ್ಲಿ ‘ಹೌ ಹಾಟ್ ಇಟ್ ಈಸ್!’ ಅನ್ನಬೇಕೋ, ‘ವಾಟ್’ ಹಾಕಬೇಕೋ?

ಧಾರವಾಡದ ಓದುಗ

‘ಸೀ’ ಉಪಾಯದ ಬಗ್ಗೆ ಒಂದು ಮಾತ್ ರೀ. ನಮ್ಮ ಹುಡುಗರು ‘ಸೀ’ ಹಾಕಿದರೂ ‘ಸೀ ಹೌ ಟಾಲ್ ಈಸ್ ಶಿ’ ಅಂತಲೇ ಹೇಳುತ್ತಾರೆ. ‘ಐ ಡೋಂಟ್ ನೋ ವಾಟ್ ಈಸ್ ಹಿಸ್ ನೇಮ್’ ಅಂತ ದೊಡ್ಡ ದೊಡ್ಡ ಆಫೀಸರುಗಳೂ ಅನ್ನುವುದನ್ನು ಕೇಳಿದ್ದೇನೆ. ಅಲ್ಲೂ ಇದೇ ತಪ್ಪು. ಹಂಗಾಗಿ ನನಗೆ ಮೇಷ್ಟ್ರ ಹಾಳೆ ಪಟ್ಟಿಯೇ ಗಟ್ಟಿ ಅನ್ನಿಸುತ್ತದೆ. ಅದರಲ್ಲಿ ಕಿವಿಯನ್ನು ನಂಬಬೇಕಾಗಿಲ್ಲ.

ನನಗೂ ಒಂದು ಪ್ರಶ್ನೆ ಇದೆ. ಟ್ಯೂಷನ್ನಿಗೆ ಬರುವ ಹುಡುಗರು ಎರಡು ತಪ್ಪು ಬಿಡುವುದೇ ಇಲ್ಲ. ‘ಎಷ್ಟು ದೊಡ್ಡ ಮನೆ’ಗೆ ‘ಹೌ ಬಿಗ್ ಹೌಸ್!’ ಅನ್ನುತ್ತಾರೆ. ‘ಎಷ್ಟು ಚಂದ’ಕ್ಕೆ ‘ಹೌ ಮಚ್ ಬ್ಯೂಟಿಫುಲ್!’ ಅನ್ನುತ್ತಾರೆ. ತಿದ್ದಿ ತಿದ್ದಿ ಸಾಕಾಗಿದೆ.

ಸಾಗರದ ಮೇಷ್ಟ್ರು

ಇಬ್ಬರ ಪ್ರಶ್ನೆಗೂ ಉತ್ತರ ಆ ಹರಿದ ಚೂರಿನಲ್ಲೇ ಇದೆ. ಕನ್ನಡದ ‘ಎಂಥ’, ‘ಎಷ್ಟು’ ನೋಡಿಕೊಂಡು ‘ವಾಟ್’, ‘ಹೌ’ ತೀರ್ಮಾನ ಮಾಡಬೇಡಿ. ಕನ್ನಡದಲ್ಲಿ ‘ಎಂಥ ದೊಡ್ಡ ಮನೆ’, ‘ಎಷ್ಟು ದೊಡ್ಡ ಮನೆ’, ‘ಏನು ದೊಡ್ಡ ಮನೆ’ ಮೂರೂ ಸರಿ. ಮೂರಕ್ಕೂ ಇಂಗ್ಲಿಷಿನಲ್ಲಿ ‘ವಾಟ್ ಎ ಬಿಗ್ ಹೌಸ್!’ ಒಂದೇ.

ಮುಂದೆ ತಂದ ಚೂರಿನಲ್ಲಿ ನಾಮಪದ ಇದೆಯಾ ನೋಡಿ. ಇದ್ದರೆ ‘ವಾಟ್’. ಇಲ್ಲದಿದ್ದರೆ ‘ಹೌ’.

‘ದಿಸ್ ಈಸ್ ಎ ವೆರಿ ಬಿಗ್ ಹೌಸ್’. ಹರಿಯುವ ಜಾಗ ‘ಎ’ಗೆ ಮೊದಲು. ಚೂರಿನಲ್ಲಿ ‘ಎ ವೆರಿ ಬಿಗ್ ಹೌಸ್’. ‘ಹೌಸ್’ ನಾಮಪದ. ‘ವೆರಿ’ ತೆಗೆದು ಮುಂದೆ ‘ವಾಟ್’ ಸೇರಿಸಿ. ‘ವಾಟ್ ಎ ಬಿಗ್ ಹೌಸ್ ದಿಸ್ ಈಸ್!’

‘ದಿಸ್ ಹೌಸ್ ಈಸ್ ವೆರಿ ಬಿಗ್’. ಚೂರಿನಲ್ಲಿ ಬರೀ ‘ವೆರಿ ಬಿಗ್’. ನಾಮಪದ ಇಲ್ಲ. ‘ಹೌ ಬಿಗ್ ದಿಸ್ ಹೌಸ್ ಈಸ್!’

‘ಹಿ ರನ್ಸ್ ವೆರಿ ಫಾಸ್ಟ್’. ‘ಹೌ ಫಾಸ್ಟ್ ಹಿ ರನ್ಸ್!’ ಇಲ್ಲಿ ‘ಈಸ್’ ಇಲ್ಲವೇ ಇಲ್ಲ. ‘ಹೌ ಫಾಸ್ಟ್ ಹಿ ಈಸ್ ರನ್ಸ್’ ಅಂತ ಸುಮ್ಸುಮ್ನೆ ತುರುಕುವ ಮಕ್ಕಳಿದ್ದಾರೆ. ಉಳಿದ ಚೂರನ್ನು ಮುಟ್ಟಬಾರದು ಅನ್ನುವುದನ್ನು ನೆನಪಿಸಿ.

ನನಗೆ ಬಹಳ ಇಷ್ಟದ ಒಂದು ಉದಾಹರಣೆ ಇದೆ. ‘ವಿ ಸ್ಟುಡ್ ಇನ್ ಎ ವೆರಿ ಲಾಂಗ್ ಕ್ಯೂ’. ಚೂರು ತೆಗೆದರೆ ಉಳಿಯುವುದು ‘ವಿ ಸ್ಟುಡ್ ಇನ್’. ಮಕ್ಕಳಿಗೆ ಆ ‘ಇನ್’ ಒಂಟಿಯಾಗಿ ನಿಂತದ್ದು ನೋಡಿ ಭಯ. ಅಳಿಸಿಬಿಡುತ್ತಾರೆ. ಅಳಿಸಬಾರದು. ‘ವಾಟ್ ಎ ಲಾಂಗ್ ಕ್ಯೂ ವಿ ಸ್ಟುಡ್ ಇನ್!’ ಅದು ಅಲ್ಲೇ ಇರಬೇಕು.

ಇನ್ನು ‘ಎಂತ ಸೆಕೆ’. ಸೆಕೆ ಕನ್ನಡದಲ್ಲಿ ನಾಮಪದ. ಇಂಗ್ಲಿಷಿನಲ್ಲಿ ಆ ಮಾತನ್ನು ‘ಇಟ್ ಈಸ್ ವೆರಿ ಹಾಟ್’ ಅಂತ ಹೇಳುತ್ತೇವೆ. ಚೂರಿನಲ್ಲಿ ‘ಹಾಟ್’ ಮಾತ್ರ ಇದೆ, ಆದ್ದರಿಂದ ‘ಹೌ ಹಾಟ್ ಇಟ್ ಈಸ್!’ ಸರಿ. ‘ಇಟ್ ಈಸ್ ಎ ವೆರಿ ಹಾಟ್ ಡೇ’ ಅಂತ ಹೊರಟರೆ ‘ವಾಟ್ ಎ ಹಾಟ್ ಡೇ ಇಟ್ ಈಸ್!’ ಮೊದಲು ಇಂಗ್ಲಿಷಿನ ಸಾದಾ ವಾಕ್ಯ ಮಾಡಿಕೊಳ್ಳಬೇಕು, ಆಮೇಲೆ ಹರಿಯಬೇಕು. ಕನ್ನಡದಿಂದ ನೇರವಾಗಿ ಆಶ್ಚರ್ಯಕ್ಕೆ ಹಾರಿದರೆ ‘ಹೌ ಬಿಗ್ ಹೌಸ್’ ಹುಟ್ಟುತ್ತದೆ.

‘ಹೌ ಮಚ್ ಬ್ಯೂಟಿಫುಲ್’ ಬರುವುದಕ್ಕೂ ಕಾರಣ ಅದೇ. ಅಂಗಡಿಯಲ್ಲಿ ‘ಎಷ್ಟು’ ಅಂದರೆ ‘ಹೌ ಮಚ್’. ಅದನ್ನೇ ಹೂವಿಗೂ ಹಚ್ಚುತ್ತಾರೆ. ‘ವೆರಿ’ ಇದ್ದ ಜಾಗಕ್ಕೆ ಒಂದೇ ಪದ ಬರಬೇಕು, ಎರಡಲ್ಲ.

ತಾಳೆ ನೋಡಲು ‘ಸೋ’, ‘ಸಚ್’ ಇಟ್ಟುಕೊಳ್ಳಿ. ‘ಸೋ ಬಿಗ್’ ಅನ್ನುವ ಕಡೆ ‘ಹೌ’. ‘ಸಚ್ ಎ ಬಿಗ್ ಹೌಸ್’ ಅನ್ನುವ ಕಡೆ ‘ವಾಟ್’. ಈ ಜೋಡಿ ಕೈಕೊಡುವುದಿಲ್ಲ.

ಎಲೆಕ್ಟ್ರಾನಿಕ್ ಸಿಟಿ ಬಸ್ಸು

ತುಂಬಾ ಉಪಯೋಗದ ಚರ್ಚೆ. ನಾನು ಸಾಫ್ಟ್‌ವೇರ್ ಕೆಲಸದಲ್ಲಿ ಇದ್ದೇನೆ. ಕನ್ನಡ ಮೀಡಿಯಂನಲ್ಲಿ ಓದಿದವನು. ಕಳೆದ ವರ್ಷ ಟೀಮಿನಲ್ಲಿ ಒಬ್ಬರಿಗೆ ಮಗು ಆಯಿತು ಅಂತ ಮೇಲ್ ಬಂತು. ನಾನು ‘ವಾಟ್ ಎ ವಂಡರ್‌ಫುಲ್ ನ್ಯೂಸ್!’ ಅಂತ ಎಲ್ಲರಿಗೂ ಕಾಣುವ ಹಾಗೆ ಉತ್ತರ ಕಳಿಸಿದೆ. ಪಕ್ಕದ ಸೀಟಿನ ಗೆಳೆಯ ಮೆಲ್ಲಗೆ ಬಂದು, ‘ಅಲ್ಲಿ ಎ ಬರಬಾರದು ಕಣೋ’ ಅಂದ. ಸಹಾಯ ಮಾಡಬೇಕು ಅಂತಲೇ ಹೇಳಿದ. ಆದರೂ ಆ ದಿನ ಪೂರ್ತಿ ಮನಸ್ಸಿಗೆ ಸಮಾಧಾನ ಇರಲಿಲ್ಲ. ಈಗಲೂ ‘ವಾಟ್’ ಬರೆದ ಮೇಲೆ ‘ಎ’ ಹಾಕಲೋ ಬೇಡವೋ ಅಂತ ಕೈ ನಿಲ್ಲುತ್ತದೆ. ಇದಕ್ಕೂ ಒಂದು ದಾರಿ ಹೇಳಿ ಸರ್.

ಸಾಗರದ ಮೇಷ್ಟ್ರು

ದಾರಿ ಇದೆ. ಎಣಿಸಲು ಆಗುವ ಒಂದು ವಸ್ತು ಆದರೆ ‘ಎ’ ಅಥವಾ ‘ಆನ್’ ಬೇಕು. ‘ವಾಟ್ ಎ ಗೇಮ್!’, ‘ವಾಟ್ ಆನ್ ಐಡಿಯಾ!’ ಒಂದಕ್ಕಿಂತ ಹೆಚ್ಚಾದರೆ ಬೇಡ. ‘ವಾಟ್ ಲವ್ಲಿ ಫ್ಲವರ್ಸ್!’ ಎಣಿಸಲು ಆಗದ್ದಕ್ಕೂ ಬೇಡ. ‘ವಾಟ್ ವಂಡರ್‌ಫುಲ್ ನ್ಯೂಸ್!’, ‘ವಾಟ್ ಪ್ಲೆಸೆಂಟ್ ವೆದರ್!’, ‘ವಾಟ್ ಗುಡ್ ಅಡ್ವೈಸ್!’, ‘ವಾಟ್ ಫನ್!’, ‘ವಾಟ್ ನಾನ್ಸೆನ್ಸ್!’, ‘ವಾಟ್ ಬ್ಯೂಟಿಫುಲ್ ಮ್ಯೂಸಿಕ್!’ ನಿಮ್ಮ ಊರಿನಲ್ಲಿ ದಿನಾ ಕೇಳುವ ‘ವಾಟ್ ಎ ಟ್ರಾಫಿಕ್’ ಕೂಡ ತಪ್ಪೇ. ‘ವಾಟ್ ಟ್ರಾಫಿಕ್!’ ಅನ್ನಬೇಕು, ಇಲ್ಲವೇ ‘ವಾಟ್ ಎ ಟ್ರಾಫಿಕ್ ಜಾಮ್!’ ಜಾಮ್ ಎಣಿಸಬಹುದು, ಟ್ರಾಫಿಕ್ ಎಣಿಸಲು ಆಗುವುದಿಲ್ಲ.

ನಿಮಗೆ ಯಾಕೆ ಕೈ ನಿಲ್ಲುತ್ತದೆ ಅಂತ ನನಗೆ ಗೊತ್ತು. ‘ನ್ಯೂಸ್’ ನಮಗೆ ಎಣಿಸುವ ವಸ್ತು. ‘ಒಂದು ಸುದ್ದಿ ಹೇಳಲಾ’ ಅನ್ನುತ್ತೇವೆ. ‘ಒಂದು ಬುದ್ಧಿಮಾತು’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ‘ನ್ಯೂಸ್’, ‘ಅಡ್ವೈಸ್’, ‘ಫರ್ನಿಚರ್’, ‘ಲಗೇಜ್’ ಎಲ್ಲ ನೀರು ಹಿಟ್ಟಿನ ಸಾಲಿನಲ್ಲಿ ಕೂತಿವೆ. ಒಂದು, ಎರಡು ಅನ್ನುವಂತಿಲ್ಲ.

ಇದಕ್ಕೆ ಹೊರತಾದವೂ ಇವೆ, ಅವನ್ನು ಬಾಯಿಪಾಠ ಮಾಡಬೇಕು. ‘ವಾಟ್ ಎ ಪಿಟಿ!’, ‘ವಾಟ್ ಎ ಶೇಮ್!’, ‘ವಾಟ್ ಎ ರಿಲೀಫ್!’, ‘ವಾಟ್ ಎ ವೇಸ್ಟ್!’ ಕರುಣೆ, ನಾಚಿಕೆ, ನೆಮ್ಮದಿ ಎಣಿಸುವ ವಸ್ತುಗಳಲ್ಲ ಅನ್ನಿಸಿದರೂ ಇಲ್ಲಿ ‘ಎ’ ಬೇಕೇ ಬೇಕು. ‘ವಾಟ್ ಎ ಶೇಮ್’ ಅಂದರೆ ‘ನಾಚಿಕೆಗೇಡು’ ಅಂತ ಮಾತ್ರ ತಿಳಿಯಬೇಡಿ. ಮಳೆ ಬಂದು ಮ್ಯಾಚ್ ನಿಂತರೂ ಅವರು ಅದನ್ನೇ ಹೇಳುತ್ತಾರೆ. ‘ಛೇ, ಹೀಗಾಗಬಾರದಿತ್ತು’ ಅನ್ನುವ ಅರ್ಥ.

‘ಎ’ಯೋ ‘ಆನ್’ಓ ಅನ್ನುವುದು ಮುಂದಿನ ಪದದ ಸದ್ದಿನ ಮೇಲೆ. ‘ವಾಟ್ ಆನ್ ಹಾನೆಸ್ಟ್ ಮ್ಯಾನ್’ ಅಂತ ಬರೆದರೂ ಓದುವಾಗ ‘ಆನೆಸ್ಟ್’. ‘ವಾಟ್ ಎ ಯೂಸ್‌ಫುಲ್ ಬುಕ್’. ಅಕ್ಷರ ನೋಡಬೇಡಿ, ಬಾಯಿ ಬಿಟ್ಟು ಹೇಳಿ ನೋಡಿ.

ಲೆಸ್ಟರ್ ಕನ್ನಡತಿ

ನಾನು ಇಂಗ್ಲೆಂಡಿನಲ್ಲಿ ಇದ್ದೇನೆ. ಈ ‘ವಾಟ್’, ‘ಹೌ’ ವಿಷಯಕ್ಕೆ ಇಲ್ಲೂ ದೊಡ್ಡ ಗಲಾಟೆ ಆಗಿತ್ತು ಅಂದರೆ ನಂಬುತ್ತೀರಾ? 2016ರಲ್ಲಿ ಇಲ್ಲಿನ ಶಿಕ್ಷಣ ಇಲಾಖೆ ಚಿಕ್ಕ ಮಕ್ಕಳ ಗ್ರಾಮರ್ ಪರೀಕ್ಷೆಗೆ ಒಂದು ಸ್ಪಷ್ಟನೆ ಕೊಟ್ಟಿತು. ‘ವಾಟ್’ ಅಥವಾ ‘ಹೌ’ನಿಂದ ಶುರುವಾಗಿ, ಒಳಗೆ ಕ್ರಿಯಾಪದ ಇದ್ದರೆ ಮಾತ್ರ ಅದನ್ನು ಎಕ್ಸ್‌ಕ್ಲಮೇಶನ್ ಅಂತ ಲೆಕ್ಕ ಹಾಕಬೇಕು ಅಂತ. ಆರೇಳು ವರ್ಷದ ಮಕ್ಕಳಿಗೆ ಇದು. ಟೀಚರ್‌ಗಳು, ಬರಹಗಾರರು ಎಲ್ಲ ವಿರೋಧ ಮಾಡಿದರು. ಮಕ್ಕಳು ಹೀಗೆ ಮಾತಾಡುವುದಿಲ್ಲ, ಯಾಕೆ ಕಟ್ಟಿಹಾಕುತ್ತೀರಿ ಅನ್ನುವುದು ಅವರ ವಾದ.

ನನ್ನ ಮಗಳು ಆಗ ಆ ವಯಸ್ಸಿನವಳೇ. ಮನೆಯಲ್ಲಿ ಅಭ್ಯಾಸ ಮಾಡುವಾಗ ‘ಐ ಲವ್ ಮ್ಯಾಂಗೋಸ್!’ ಅಂತ ಬರೆದು, ಚಿಹ್ನೆಯ ಕೆಳಗಿನ ಚುಕ್ಕಿಯನ್ನು ಪುಟ್ಟ ಹೃದಯ ಮಾಡಿದ್ದಳು. ಅದು ಎಕ್ಸ್‌ಕ್ಲಮೇಶನ್ ಅಲ್ಲ, ಸಾದಾ ವಾಕ್ಯಕ್ಕೆ ಚಿಹ್ನೆ ಹಾಕಿದ್ದು ಅಂತ ಹೇಳಿಕೊಡುವಾಗ ನನಗೇ ಕಷ್ಟ ಆಯಿತು. ಅವಳ ಖುಷಿ ನಿಜವಾದದ್ದೇ ಅಲ್ವಾ.

ಆದರೆ ಆಮೇಲೆ ಯೋಚಿಸಿದಾಗ, ಎರಡು ಬೇರೆ ಬೇರೆ ವಿಷಯ ಒಂದಾಗಿ ಬೆರೆತಿವೆ ಅನ್ನಿಸಿತು. ಚಿಹ್ನೆಯನ್ನು ಯಾವ ವಾಕ್ಯಕ್ಕೆ ಬೇಕಾದರೂ ಹಾಕಬಹುದು. ‘ಸ್ಟಾಪ್!’ ಆಜ್ಞೆ. ‘ಐ ಲವ್ ಮ್ಯಾಂಗೋಸ್!’ ಹೇಳಿಕೆ. ಆಶ್ಚರ್ಯಕ್ಕೆ ಅಂತಲೇ ಇಂಗ್ಲಿಷ್ ಇಟ್ಟುಕೊಂಡಿರುವ ವಾಕ್ಯದ ಅಚ್ಚು ಮಾತ್ರ ‘ವಾಟ್’, ‘ಹೌ’ ಇರುವಂಥದ್ದು. ಗ್ರಾಮರ್‌ನವರು ಕೇಳುವುದು ಆ ಅಚ್ಚನ್ನು.

ಮಾತಿನಲ್ಲಿ ಇಲ್ಲಿನವರು ಹೆಚ್ಚಾಗಿ ಬಳಸುವುದು ಬೇರೆ. ತೊಟ್ಟಿಲಿನಲ್ಲಿ ಮಗು ನೋಡಿದರೆ ‘ಇಸಂಟ್ ಶಿ ಲವ್ಲಿ!’ ಅನ್ನುತ್ತಾರೆ. ‘ಇಟ್ಸ್ ಸೋ ಕೋಲ್ಡ್!’, ‘ದಟ್ಸ್ ಸಚ್ ಎ ನೈಸ್ ಕೋಟ್!’ ಅನ್ನುತ್ತಾರೆ. ‘ಇಸಂಟ್’ ಇರುವುದರಲ್ಲಿ ಸಾಲು ಪ್ರಶ್ನೆಯದ್ದೇ, ದನಿ ಮಾತ್ರ ಕೊನೆಯಲ್ಲಿ ಕೆಳಗೆ ಇಳಿಯುತ್ತದೆ. ನಮ್ಮ ‘ಎಷ್ಟು ಮುದ್ದಾಗಿದೆ ಅಲ್ವಾ!’ ಇದ್ದ ಹಾಗೆ. ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಬಸ್ ಸ್ಟಾಪಿನಲ್ಲಿ ಒಬ್ಬ ಅಜ್ಜಿ ‘ಇಸಂಟ್ ಇಟ್ ಕೋಲ್ಡ್’ ಅಂದಾಗ ‘ಯೆಸ್, ಇಟ್ ಈಸ್ ಫೋರ್ ಡಿಗ್ರೀಸ್’ ಅಂತ ಫೋನು ನೋಡಿ ಹೇಳಿದ್ದೆ.

ಪಿಯು ಹುಡುಗ, ಹಾಸನ

ಹಾಗಾದರೆ ‘ಹೌ ಬ್ಯೂಟಿಫುಲ್ ದಿಸ್ ಫ್ಲವರ್ ಈಸ್’ ಅಂತ ಯಾರೂ ಮಾತಾಡುವುದೇ ಇಲ್ವಾ? ಮಾರ್ಕ್ಸಿಗೆ ಮಾತ್ರ ಕಲಿಯಬೇಕಾ? ಹಳೆಯ ಪದ್ಯಗಳಲ್ಲಿ ‘ಹೌ ಸ್ವೀಟ್ ಈಸ್’ ಅಂತ ಉಲ್ಟಾ ಸಾಲು ನೋಡಿದ ನೆನಪೂ ಇದೆ.

ಲೆಸ್ಟರ್ ಕನ್ನಡತಿ

ಮಾತಾಡುತ್ತಾರೆ, ಆದರೆ ಚೂರು ಮಾಡಿ. ‘ಹೌ ಬ್ಯೂಟಿಫುಲ್!’, ‘ವಾಟ್ ಎ ಡೇ!’, ‘ಹೌ ಸ್ಟ್ರೇಂಜ್!’ ಅಷ್ಟಕ್ಕೇ ನಿಲ್ಲಿಸುತ್ತಾರೆ. ಕ್ರಿಕೆಟ್ ಕಾಮೆಂಟರಿ ಕೇಳಿ, ‘ವಾಟ್ ಎ ಕ್ಯಾಚ್!’ ಅಂತಾರೆ. ‘ಇಟ್ ಈಸ್’ ಹೇಳುವಷ್ಟರಲ್ಲಿ ಮುಂದಿನ ಬಾಲ್ ಬಂದಿರುತ್ತದೆ. ಪರೀಕ್ಷೆಯಲ್ಲಿ ಪೂರ್ತಿ ಬರೆಯಿರಿ. ಪೂರ್ತಿ ವಾಕ್ಯ ಕಾಗದದಲ್ಲಿ, ಭಾಷಣದಲ್ಲಿ, ಥ್ಯಾಂಕ್ಸ್ ಹೇಳುವಾಗ ಇವತ್ತಿಗೂ ಬಳಕೆಯಲ್ಲಿದೆ. ‘ವಾಟ್ ಎ ಲವ್ಲಿ ಈವನಿಂಗ್ ವಿ ಹ್ಯಾಡ್!’ ಅಂತ ಪಾರ್ಟಿ ಮುಗಿದ ಮಾರನೇ ದಿನ ಮೆಸೇಜು ಬರುತ್ತದೆ.

ಪದ್ಯದಲ್ಲಿ ಉಲ್ಟಾ ಸಾಲು ಇರುವುದು ನಿಜ. ಹಳೆಯ ಕವಿತೆ, ಪ್ರಾರ್ಥನಾ ಗೀತೆಗಳಲ್ಲಿ ಸಿಗುತ್ತದೆ. ಈಗಿನ ಬರವಣಿಗೆಯಲ್ಲಿ ಅದು ಹಳೆಯ ಕಾಲದ ಧಾಟಿ ಅನ್ನಿಸುತ್ತದೆ. ಎಂಟನೇ ಕ್ಲಾಸಿನ ಉತ್ತರಕ್ಕೆ ಬೇಡ.

ಟೈಪಿಂಗ್ ಮಾವ

ಚಿಹ್ನೆಯ ಮಾತು ಬಂತು ಅಂತ ನಾನೂ ಸೇರುತ್ತೇನೆ. ನಾನು ಇಂಗ್ಲಿಷ್ ಟೈಪಿಂಗ್ ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿದವನು. ನಾವು ಕಲಿತ ಮೆಷಿನ್ನಿನಲ್ಲಿ ಈ ಚಿಹ್ನೆಗೆ ಕೀ ಇರಲಿಲ್ಲ. ಹಳೆಯ ಟೈಪ್‌ರೈಟರ್‌ಗಳು ಎಷ್ಟೋ ಹಾಗೇ ಇದ್ದವು. ಮೊದಲು ಅಪಾಸ್ಟ್ರಫಿ ಹೊಡೆಯಬೇಕು. ಆಮೇಲೆ ಬ್ಯಾಕ್‌ಸ್ಪೇಸ್ ಒತ್ತಿ ಒಂದು ಮನೆ ಹಿಂದಕ್ಕೆ ಬರಬೇಕು. ಅದೇ ಜಾಗದಲ್ಲಿ ಫುಲ್‌ಸ್ಟಾಪ್ ಹೊಡೆಯಬೇಕು. ಮೇಲೊಂದು ಗೀಟು, ಕೆಳಗೊಂದು ಚುಕ್ಕಿ, ಎರಡೂ ಸೇರಿ ಆಶ್ಚರ್ಯ. ಒಂದು ಚಿಹ್ನೆಗೆ ಮೂರು ಹೊಡೆತ. ಸ್ಪೀಡ್ ಟೆಸ್ಟಿನಲ್ಲಿ ಅದು ಬಂದರೆ ಎದೆ ಧಸಕ್ ಅನ್ನುತ್ತಿತ್ತು.

ಅದಕ್ಕೇ ನಾನು ಈಗಲೂ ಒಂದಕ್ಕಿಂತ ಜಾಸ್ತಿ ಹಾಕುವುದಿಲ್ಲ. ಮೊಮ್ಮಗ ಒಂದೇ ಮೆಸೇಜಿನಲ್ಲಿ ಐದಾರು ಹಾಕುತ್ತಾನೆ. ಮನೆಯವರ ನಡುವೆ ಪರವಾಗಿಲ್ಲ. ಅರ್ಜಿಯಲ್ಲಿ, ಉತ್ತರಪತ್ರಿಕೆಯಲ್ಲಿ ಒಂದೇ ಸಾಕು.

ಇನ್ನೊಂದು ಮಾತು. 17ನೇ ಶತಮಾನದ ಇಂಗ್ಲಿಷರು ಇದನ್ನು ‘ನೋಟ್ ಆಫ್ ಅಡ್ಮಿರೇಶನ್’ ಅಂತ ಕರೆಯುತ್ತಿದ್ದರು. ಆಗ ‘ಅಡ್ಮಿರೇಶನ್’ ಅಂದರೆ ಮೆಚ್ಚುಗೆ ಮಾತ್ರ ಅಲ್ಲ, ಬೆರಗು. ನಾವು ಕನ್ನಡದಲ್ಲಿ ‘ಆಶ್ಚರ್ಯಸೂಚಕ’ ಅನ್ನುತ್ತೇವಲ್ಲ, ಅದು ಆ ಹಳೆಯ ಹೆಸರಿಗೇ ಹತ್ತಿರ ಇದೆ.

ಧಾರವಾಡದ ಓದುಗ

ಮಾವ, ನೀವು ಬರೆದದ್ದು ಓದಿ ಭಾಳ ಖುಷಿ ಆಯಿತು.

ಮೇಷ್ಟ್ರೇ, ಇನ್ನೊಂದು ಉಳಿದಿದೆ. ‘ಅಲಾಸ್’, ‘ಹುರ್ರಾ’ ಕಥೆ ಏನು? ಹುಡುಗರು ‘ಅಲಾಸ್! ಹಿ ಈಸ್ ಡೆಡ್’ ಅಂತ ಬಾಯಿಪಾಠ ಮಾಡುತ್ತಾರೆ. ಇನ್‌ಡೈರೆಕ್ಟ್ ಸ್ಪೀಚ್ ಬಂದರೆ ಎಲ್ಲದಕ್ಕೂ ‘ಎಕ್ಸ್‌ಕ್ಲೇಮ್ಡ್ ವಿತ್ ಜಾಯ್’ ಅಂತ ಬರೆದುಬಿಡುತ್ತಾರೆ. ಒಬ್ಬ ಹುಡುಗ ಬಸ್ ಅಪಘಾತದ ವಾಕ್ಯಕ್ಕೂ ‘ವಿತ್ ಜಾಯ್’ ಹಾಕಿದ್ದ.

ಸಾಗರದ ಮೇಷ್ಟ್ರು

ಹಾಗೆ ಆಗುವುದು ಅರ್ಥ ನೋಡದೆ ಅಚ್ಚು ಒತ್ತುವುದರಿಂದ. ‘ಹುರ್ರಾ’, ‘ಅಲಾಸ್’, ‘ಬ್ರಾವೋ’ ಇವು ಪೂರ್ತಿ ವಾಕ್ಯಗಳಲ್ಲ, ಉದ್ಗಾರಗಳು. ನಮ್ಮ ಅಬ್ಬಾ, ಅಯ್ಯೋ, ಭಲೇ, ಭೇಷ್, ಛೇ ಇದ್ದ ಹಾಗೆ. ಇನ್‌ಡೈರೆಕ್ಟ್ ಮಾಡುವಾಗ ಉದ್ಗಾರ ಬಿದ್ದುಹೋಗುತ್ತದೆ, ಅದರ ಭಾವ ಮಾತ್ರ ಪದವಾಗಿ ಉಳಿಯುತ್ತದೆ. ‘ಹುರ್ರಾ! ವಿ ಹ್ಯಾವ್ ವನ್’ ಅಂದದ್ದು ‘ದೇ ಎಕ್ಸ್‌ಕ್ಲೇಮ್ಡ್ ವಿತ್ ಜಾಯ್ ದಟ್ ದೇ ಹ್ಯಾಡ್ ವನ್’ ಆಗುತ್ತದೆ. ‘ಅಲಾಸ್’ ಇದ್ದರೆ ‘ವಿತ್ ಸಾರೋ’. ‘ವಾಟ್’, ‘ಹೌ’ ಇದ್ದರೆ ಅವು ಹೋಗಿ ‘ವೆರಿ’ ವಾಪಸ್ ಬರುತ್ತದೆ. ಹರಿದ ಚೂರು ತನ್ನ ಹಳೆಯ ಜಾಗಕ್ಕೆ ಮರಳುತ್ತದೆ ಅಂದುಕೊಳ್ಳಿ.

ನಾನು ಮಕ್ಕಳಿಗೆ ಮೊದಲು ಆ ವಾಕ್ಯವನ್ನು ಕನ್ನಡದಲ್ಲಿ ಜೋರಾಗಿ ಹೇಳಿಸುತ್ತಿದ್ದೆ. ಅಪಘಾತದ ಸುದ್ದಿಯನ್ನು ಕನ್ನಡದಲ್ಲಿ ಹೇಳುವಾಗ ಯಾವ ಮಗುವೂ ‘ಭಲೇ’ ಅನ್ನುವುದಿಲ್ಲ. ತಾನಾಗಿಯೇ ‘ಅಯ್ಯೋ’ ಬರುತ್ತದೆ. ಸಾಲಿನ ವಿಷಯದಲ್ಲಿ ಕನ್ನಡ ನೆರವಿಗೆ ಬರುವುದಿಲ್ಲ. ಭಾವದ ವಿಷಯದಲ್ಲಿ ಕನ್ನಡಕ್ಕಿಂತ ದೊಡ್ಡ ನೆರವು ಇಲ್ಲ.

ನಿಮ್ಮ ಹುಡುಗರಿಗೆ ಇದನ್ನೂ ಹೇಳಿ. ‘ಅಲಾಸ್’ ಈಗ ಮಾತಿನಲ್ಲಿ ಹೆಚ್ಚು ಕೇಳುವುದಿಲ್ಲ, ‘ಓ ನೋ’ ಅನ್ನುತ್ತಾರೆ. ನಮ್ಮ ‘ಅಯ್ಯೋ’ ಮಾತ್ರ 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯೊಳಗೆ ಹೋಗಿ ಕೂತಿದೆ. ದಕ್ಷಿಣ ಭಾರತದವರೂ, ಶ್ರೀಲಂಕಾ, ಸಿಂಗಪುರ, ಮಲೇಷ್ಯಾದವರೂ ಇಂಗ್ಲಿಷ್ ಆಡುವಾಗ ಅದನ್ನು ಬಿಟ್ಟಿಲ್ಲ.

ಹಾರೈಕೆಯ ಆಶ್ಚರ್ಯ ಒಂದಿದೆ. ಹಳೆಯ ಪುಸ್ತಕಗಳಲ್ಲಿ ‘ಓ ದಟ್ ಐ ವರ್ ಯಂಗ್ ಅಗೇನ್!’ ಅಂತ ಇರುತ್ತದೆ. ಸಾದಾ ವಾಕ್ಯ ಮಾಡಿದರೆ ‘ಐ ವಿಷ್ ಐ ವರ್ ಯಂಗ್ ಅಗೇನ್’. ಈಗಿನವರು ‘ಇಫ್ ಓನ್ಲಿ’ ಅನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಬೇರೆ ಪದವೇ ಬೇಡ. ‘ಅಪ್ಪ ಇದ್ದಿದ್ದರೆ!’ ಅಂತ ಅರ್ಧಕ್ಕೆ ನಿಲ್ಲಿಸಿದರೆ ಸಾಕು.

ಕುಡ್ಲದವ

ಹಾಗೆ ನೋಡಿದರೆ ಕನ್ನಡಕ್ಕೆ ಈ ವಿಷಯದಲ್ಲಿ ಜಾಗ ಹೆಚ್ಚು. ‘ಮದುವೆಗೆ ಯಾರ್ಯಾರು ಬಂದಿದ್ದರು!’, ‘ನಿನ್ನನ್ನು ಎಲ್ಲೆಲ್ಲ ಹುಡುಕಿದೆ!’ ಅಂತ ಯಾರು, ಎಲ್ಲಿ ಎಲ್ಲದರಲ್ಲೂ ಆಶ್ಚರ್ಯ ಹೇಳಬಹುದು. ಇಂಗ್ಲಿಷಿನಲ್ಲಿ ‘ಹೂ ಆಲ್ ಕೇಮ್!’ ಅಂದರೆ ಆಗುವುದಿಲ್ಲ. ಅವರಿಗೆ ‘ವಾಟ್’, ‘ಹೌ’ ಎರಡೇ.

ತಿಪಟೂರಿನ ಅಮ್ಮ

ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ ಮೇಲೆ ಮೇಷ್ಟ್ರು ಹೇಳಿದ ಹಾಗೆ ಮಾಡಿದೆವು. ಹೋದ ವರ್ಷದ ಗಣಿತದ ನೋಟ್‌ಬುಕ್ ಹರಿದು ಹನ್ನೆರಡು ಪಟ್ಟಿ ಮಾಡಿದಳು. ನೆಲದ ಮೇಲೆ ಜೋಡಿಸಿಕೊಂಡು ಕೂತೆವು. ಫ್ಯಾನ್ ಗಾಳಿಗೆ ಹಾರಿಹೋಗುತ್ತವೆ ಅಂತ ಪ್ರತಿ ಚೂರಿನ ಮೇಲೂ ಒಂದೊಂದು ಹುಣಸೆಬೀಜ ಇಟ್ಟಳು. ಮೊದಲ ಎರಡು ಪಟ್ಟಿಯಲ್ಲಿ ತಪ್ಪು ಜಾಗದಲ್ಲಿ ಹರಿದಳು. ‘ಎ’ಯನ್ನು ಉಳಿದ ಚೂರಿನಲ್ಲೇ ಬಿಟ್ಟಿದ್ದಳು. ಮೂರನೆಯದರಿಂದ ಸರಿಹೋಯಿತು. ‘ವಾಟ್ ಎ ಲಾಂಗ್ ಕ್ಯೂ ವಿ ಸ್ಟುಡ್ ಇನ್’ ಬಂದಾಗ ‘ಇನ್’ ಮೇಲೆ ಎರಡು ಬೀಜ ಇಟ್ಟಳು, ಮತ್ತೆ ಮರೆಯಬಾರದು ಅಂತ.

ಸೊನ್ನೆ ಬಂದ ವಾಕ್ಯವನ್ನೂ ಹರಿದು ಜೋಡಿಸಿದಳು. ‘ಈಸ್ ಎಲ್ಲೂ ಹೋಗೇ ಇಲ್ಲ ಅಮ್ಮಾ’ ಅಂದಳು.

ಕೊನೆಯ ಪಟ್ಟಿ ಅವಳೇ ಬರೆದದ್ದು. ನಮ್ಮ ಅತ್ತೆ ಹೋದ ಕಾರ್ತಿಕದಲ್ಲಿ ತೀರಿಕೊಂಡರು. ‘ಐ ಮಿಸ್ ಅಜ್ಜಿ ವೆರಿ ಮಚ್’ ಅಂತ ಬರೆದಿದ್ದಳು. ‘ವೆರಿ ಮಚ್’ ಹರಿದು, ‘ವೆರಿ’ ಹೊಡೆದು, ‘ಹೌ ಮಚ್ ಐ ಮಿಸ್ ಅಜ್ಜಿ!’ ಅಂತ ಮಾಡಿದ್ದಾಳೆ. ‘ಹೌ ಮಚ್’ ಬರಬಾರದು ಅಂತ ಇಲ್ಲೇ ಓದಿದ್ದೆ. ಇದು ಸರಿಯಾ ಮೇಷ್ಟ್ರೇ?

ಸಾಗರದ ಮೇಷ್ಟ್ರು

ಸರಿ ಇದೆ ಅಮ್ಮಾ. ‘ಮಚ್’ ಅವಳ ವಾಕ್ಯದಲ್ಲೇ ಇತ್ತು, ಹೊರಗಿನಿಂದ ತಂದದ್ದಲ್ಲ. ‘ಹೌ ಮಚ್ ಬ್ಯೂಟಿಫುಲ್’ನಲ್ಲಿ ಅದು ಹೊರಗಿನಿಂದ ಬಂದು ಸೇರಿತ್ತು.

ಬೇಕಾದರೆ ಆ ‘ಮಚ್’ ಕೂಡ ಹರಿದು ತೆಗೆಯಬಹುದು ಅಂತ ಹೇಳಿ. ‘ಹೌ ಐ ಮಿಸ್ ಅಜ್ಜಿ!’ ಅದೂ ಪೂರ್ತಿ ವಾಕ್ಯ. ಎರಡರಲ್ಲಿ ಯಾವುದು ಇಟ್ಟುಕೊ ಅಂತ ನಾನು ಹೇಳುವುದಿಲ್ಲ, ಅವಳಿಗೇ ಬಿಡಿ.